ಸಮ್‌ಗೆ ಹಗ್ಗ ಬಿಗಿಯಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಉತ್ತರ ಕನ್ನಡದವು, ಹೆಚ್ಚಿನವು ಸಂಗೀತಕ್ಕೆ ಕಂಪ್ಯೂಟರ್ ಅನಿಮೇಷನ್ ಕೂಡಿಸುವ ಕೆಲಸಕ್ಕೆ ಸೇರಿದವು. ಕಾರವಾರದ ಓದುಗರೊಬ್ಬರು ಅರ್ಧ ಮುಗಿದ ಚಿತ್ರವನ್ನೇ ಕಳಿಸಿ ಅಭಿಪ್ರಾಯ ಕೇಳಿದ್ದಾರೆ. ಹೇಳಬೇಕಾದದ್ದು ಅಲ್ಲೇ ಹೆಚ್ಚಿದ್ದುದರಿಂದ ಜಾಗವನ್ನೂ ಅದಕ್ಕೇ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ಕಡಲ ದಡದಲ್ಲಿ ಬೆಳಗಿನ ಜಾವ ರಂಪಣಿ ಬಲೆ ಎಳೆಯುವುದನ್ನು ಬ್ಲೆಂಡರ್ ತಂತ್ರಾಂಶದಲ್ಲಿ ಅನಿಮೇಷನ್ ಮಾಡುತ್ತಿದ್ದೇನೆ. ಪರಿಚಯದ ಸಿತಾರ್ ವಾದಕರು ಭೈರವ್ ರಾಗ ನುಡಿಸಿಕೊಟ್ಟಿದ್ದಾರೆ. 55 ಸೆಕೆಂಡು ತಾಳವಿಲ್ಲದ ಆಲಾಪ, ಆಮೇಲೆ ತೀನ್‌ತಾಲದಲ್ಲಿ ದ್ರುತ್ ಗತ್ (ವೇಗದ ರಚನೆ), ಕೊನೆಗೆ ಝಾಲಾ (ಬಿರುಸಾಗಿ ಮೀಟುವ ಭಾಗ), ಒಟ್ಟು 3 ನಿಮಿಷ 40 ಸೆಕೆಂಡು. ಮೊದಲ ಎರಡು ನಿಮಿಷ ಬಣ್ಣ, ಬೆಳಕು ಸಮೇತ ಆಗಿದೆ. ಉಳಿದದ್ದು ಬೂದು ಗೊಂಬೆಗಳ ಹಂತದಲ್ಲಿದೆ. ಸೆಕೆಂಡಿಗೆ 24 ಫ್ರೇಮ್ ಇಟ್ಟು, ಮಾತ್ರೆಗೆ (ತಾಳದ ಒಂದು ಎಣಿಕೆಗೆ) 12 ಫ್ರೇಮಿನ ಲೆಕ್ಕದಲ್ಲಿ ಪ್ರತಿ ಮಾತ್ರೆಗೂ ಒಂದು ಚಲನೆ ಕೂರಿಸಿದ್ದೇನೆ. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ, ‘ಆದರೆ ಯಾಕೋ ಯಂತ್ರದ ಹಾಗಿದೆ’ ಅಂತಲೂ ಸೇರಿಸುತ್ತಾರೆ. ರೆಂಡರಿಗೆ (ಅಂತಿಮ ಚಿತ್ರ ತೆಗೆಯಲು) ಹಾಕಿಬಿಡಲೇ, ಇನ್ನೂ ತಿದ್ದಬೇಕೇ? (ಕಾರವಾರ)

ಉತ್ತರ: ರೆಂಡರಿಗೆ ಈಗಲೇ ಹಾಕಬೇಡಿ. ಚಿತ್ರದ ಜೀವಾಳ ಗಟ್ಟಿಯಾಗಿದೆ. ಹಸಿ ಮರಳಲ್ಲಿ ಕಾಲು ಹೂತು ಮತ್ತೆ ಕಿತ್ತುಕೊಳ್ಳುವ ರೀತಿ, ಹಗ್ಗ ಹಿಡಿದ ಬೆರಳುಗಳ ಮೇಲೆ ಬಿದ್ದ ಭಾರ ಎರಡೂ ನೋಡಿ ಕಲಿತವರ ಕೆಲಸ. ‘ಯಂತ್ರದ ಹಾಗಿದೆ’ ಅನ್ನಿಸುವುದಕ್ಕೆ ಕಾರಣ ಗೊಂಬೆಗಳಲ್ಲಿ ಇಲ್ಲ, ತಾಳದ ಲೆಕ್ಕದಲ್ಲಿದೆ.

ಮಾತ್ರೆಗೆ 12 ಫ್ರೇಮ್ ಅಂದರೆ ನಿಮಿಷಕ್ಕೆ ಸರಿಯಾಗಿ 120 ಮಾತ್ರೆ. ನಿಮ್ಮ ವಾದಕರು ಗತ್ ಹಿಡಿಯುವುದೇ ಸುಮಾರು 124ರಲ್ಲಿ, ಝಾಲಾ ಬರುವ ಹೊತ್ತಿಗೆ 150 ಮುಟ್ಟುತ್ತಾರೆ. ಲಯ ಹೀಗೆ ಏರುವುದು ಕಛೇರಿಯ ಸಹಜ ಧರ್ಮ. 124ಕ್ಕೆ ಮಾತ್ರೆಯೊಂದಕ್ಕೆ 11.6 ಫ್ರೇಮ್, 16 ಮಾತ್ರೆಯ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, 186. ನೀವು ಇಟ್ಟದ್ದು 192. ಮೊದಲ ಆವರ್ತನದಲ್ಲೇ ಚಿತ್ರ 6 ಫ್ರೇಮ್ ಹಿಂದೆ ಬಿತ್ತು, ನಾಲ್ಕನೆಯದರ ಹೊತ್ತಿಗೆ ಒಂದು ಸೆಕೆಂಡು. ಎರಡನೇ ನಿಮಿಷ ಮುಗಿಯುವಲ್ಲಿ ಸುಮಾರು ನಾಲ್ಕು ಮಾತ್ರೆ, ಅಂದರೆ ಪೂರಾ ಒಂದು ವಿಭಾಗ ಹಿಂದಿದೆ. ಎಲ್ಲ ಮಾತ್ರೆಗೂ ಒಂದೇ ತೂಕದ ಚಲನೆ ಇರುವುದರಿಂದ ಆಗಾಗ ಮಾತ್ರೆಗೆ ಮಾತ್ರೆ ಕೂಡಿದಂತೆ ಕಾಣುತ್ತದೆ, ಸಮ್ (ಆವರ್ತನದ ಮೊದಲ ಮಾತ್ರೆ) ಮಾತ್ರ ಬೇರೆಲ್ಲೋ ಇರುತ್ತದೆ. ನೋಡಿದವರಿಗೆ ತಪ್ಪು ಎಲ್ಲಿ ಎಂದು ಬೊಟ್ಟು ಮಾಡಲು ಆಗದೆ ಹೋದದ್ದು ಇದಕ್ಕೇ.

ತಿದ್ದುವ ದಾರಿ ಇದು. ಆಡಿಯೊವನ್ನು ಎಂಪಿ3 ಬಿಟ್ಟು 48 ಕಿಲೊಹರ್ಟ್ಸ್‌ನ ವೇವ್ ಫೈಲಾಗಿ ವಾದಕರಿಂದಲೇ ಪಡೆಯಿರಿ. ಎಂಪಿ3 ಮಾಡುವಾಗ ಫೈಲಿನ ಶುರುವಿಗೆ ಸಣ್ಣದೊಂದು ಮೌನ ಸೇರಿಕೊಳ್ಳುತ್ತದೆ, ನಾಳೆ ಅಂತಿಮ ಆಡಿಯೊ ಬದಲಿಸಿದಾಗ ಎಲ್ಲವೂ ಕೂದಲೆಳೆಯಷ್ಟು ಜರುಗುತ್ತದೆ. ವಿಡಿಯೊ ಸೀಕ್ವೆನ್ಸರ್‌ನಲ್ಲಿ ಆಡಿಯೊ ಪಟ್ಟಿ ಇಟ್ಟು ಸದ್ದಿನ ಏರಿಳಿತದ ವೇವ್‌ಫಾರ್ಮ್ ಕಾಣುವಂತೆ ಮಾಡಿ. ಪ್ಲೇಬ್ಯಾಕನ್ನು ‘ಪ್ಲೇ ಎವ್ರಿ ಫ್ರೇಮ್’ನಿಂದ ‘ಸಿಂಕ್ ಟು ಆಡಿಯೊ’ಗೆ ಬದಲಿಸಿ. ಇಲ್ಲದಿದ್ದರೆ ದೃಶ್ಯ ಭಾರವಾದಲ್ಲಿ ಚಿತ್ರ ನಿಧಾನವಾಗುತ್ತದೆ, ಆಡಿಯೊ ತನ್ನ ಪಾಡಿಗೆ ಮುಂದೆ ಓಡುತ್ತದೆ, ಸರಿಯಿದ್ದದ್ದನ್ನೇ ನೀವು ತಪ್ಪೆಂದು ತಿದ್ದಲು ಕೂರುತ್ತೀರಿ. ಈಗ ಟೈಮ್‌ಲೈನ್ ಮೇಲೆ ಕರ್ಸರ್ ಇಟ್ಟು ನುಡಿಸುತ್ತ ಪ್ರತಿ ಸಮ್‌ಗೆ ಎಂ ಕೀಲಿ ಒತ್ತಿ, ಮಾರ್ಕರ್ ಬೀಳುತ್ತದೆ. ಬೆರಳು ಮೂರು ನಾಲ್ಕು ಫ್ರೇಮ್ ಆಚೀಚೆ ಆಗುವುದು ಸಹಜ. ಆಮೇಲೆ ಹಿಗ್ಗಿಸಿ ನೋಡಿ, ವೇವ್‌ಫಾರ್ಮ್‌ನಲ್ಲಿ ತಬಲಾದ ‘ಧಾ’ ಏಟು ಏಳುವ ಜಾಗಕ್ಕೆ ಮಾರ್ಕರನ್ನು ಸರಿಸಿ. ನಿಮ್ಮ ತುಣುಕಿನಲ್ಲಿ ಸುಮಾರು 24 ಸಮ್ ಬರುತ್ತವೆ, ಅಷ್ಟೇ ಖಾಲಿಗಳು (ಆವರ್ತನದ ನಡುವಿನ 9ನೇ ಮಾತ್ರೆ). ಇಷ್ಟಕ್ಕೆ ಒಂದು ಸಂಜೆ ಸಾಕು. ನಡುವಿನ ಮಾತ್ರೆಗಳಿಗೆ ಮಾರ್ಕರ್ ಬೇಡ.

ಯಾಕೆ ಬೇಡ ಅಂದರೆ, ಪ್ರತಿ ಮಾತ್ರೆಯನ್ನೂ ತಬಲಾ ಆಗಲೇ ಹೇಳುತ್ತಿದೆ. ಚಿತ್ರವೂ ಅದನ್ನೇ ಹೇಳಿದರೆ ನೋಡುಗನಿಗೆ ಒಂದೇ ಮಾತು ಎರಡು ಸಲ ಕೇಳಿದ ಹಾಗೆ. ಒಬ್ಬ ಮನುಷ್ಯ ನೀರು ತುಂಬಿದ ಬಲೆಯ ಹಗ್ಗವನ್ನು ಅರ್ಧ ಸೆಕೆಂಡಿಗೊಮ್ಮೆ ಎಳೆಯಲಾರ ಕೂಡ. ಒಂದು ಎಳೆತಕ್ಕೆ ನಾಲ್ಕು ಮಾತ್ರೆ ಕೊಡಿ. 124ರ ಲಯದಲ್ಲಿ ಅದು 46 ಫ್ರೇಮ್, ಎರಡು ಸೆಕೆಂಡಿಗೆ ಚೂರು ಕಡಿಮೆ. ಮೈಯ ಭಾರ ಹಿಂದಕ್ಕೆ ಬೀಳಲು ಸುಮಾರು 20 ಫ್ರೇಮ್, ತಡೆದು ನಿಲ್ಲಲು 8, ಹಿಡಿ ಬದಲಿಸಿ ಮುಂದೆ ಬಾಗಲು 18.

ಈಗ ಠೇಕಾ (ತಬಲಾದ ಬೋಲುಗಳ ಸಾಲು) ನೋಡಿ: ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಖಾಲಿ 9ರಲ್ಲಿ. 10ರಿಂದ 13ನೇ ಮಾತ್ರೆಯವರೆಗೆ ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂಯ್ ಇಲ್ಲ, ಬರೀ ತಬಲಾದ ಒಣ ಏಟು. 14ಕ್ಕೆ ಡಗ್ಗಾ ಮರಳುತ್ತದೆ. ನಿಮ್ಮ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಸಿಗದು. ಮೊದಲ ಎರಡು ವಿಭಾಗದಲ್ಲಿ ಎರಡು ಎಳೆತ. 10ರಿಂದ 13ರವರೆಗೆ ಹಗ್ಗ ಸಡಿಲ: ಅಲೆ ಬಲೆಯನ್ನು ತುಸು ತನ್ನ ಕಡೆ ಸೆಳೆದುಕೊಂಡಿದೆ, ಹಗ್ಗ ಜೋತು ನೀರಿಗೆ ತಾಗಿದೆ, ಕೈಗಳು ಹಿಡಿ ಬದಲಿಸುತ್ತಿವೆ. 14ಕ್ಕೆ ಹಗ್ಗ ಮೇಲೇಳುತ್ತದೆ, ಅದರಿಂದ ನೀರು ತೊಟ್ಟಿಕ್ಕುತ್ತದೆ, ಸಮ್‌ಗೆ ಬಿಗಿಯುತ್ತದೆ. ಹೀಗೆ ಮಾಡಿದರೆ ತಾಳ ತಿಳಿಯದವರಿಗೂ ಆವರ್ತನ ಮೈಗೆ ತಾಗುತ್ತದೆ.

ಹಗ್ಗ ಬಿಗಿಯುವ ಫ್ರೇಮನ್ನು ಏಟಿಗಿಂತ ಒಂದೆರಡು ಫ್ರೇಮ್ ಮೊದಲೇ ಇಡಿ. ಕಂಡ ಮೇಲೆ ಕೇಳುವುದು ಲೋಕದ ರೂಢಿ, ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದರೂ ಹಾಗೇ. ಕಣ್ಣು ಅದನ್ನು ಒಪ್ಪುತ್ತದೆ, ಕೇಳಿದ ಮೇಲೆ ಕಂಡರೆ ಒಪ್ಪುವುದಿಲ್ಲ. ಬ್ಲೂಟೂತ್ ಇಯರ್‌ಫೋನಿನಲ್ಲಿ ಮಾತ್ರ ಈ ಕೆಲಸ ಮಾಡಲೇಬೇಡಿ. ಅದು ಸದ್ದನ್ನು ಸೆಕೆಂಡಿನ ಹತ್ತನೇ ಎರಡು ಭಾಗದವರೆಗೂ ತಡ ಮಾಡಬಲ್ಲದು, ಅಂದರೆ ನಾಲ್ಕೈದು ಫ್ರೇಮ್. ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ.

ಗೊಂಬೆಗಳ ವಿಷಯ. ಹದಿನಾಲ್ಕು ಜನ ಒಂದೇ ಫ್ರೇಮಿನಲ್ಲಿ ಹಿಂದಕ್ಕೆ ವಾಲುತ್ತಾರೆ. ಒಂದೇ ಚಲನೆಯನ್ನು ನಕಲು ಮಾಡಿ ಅಂಟಿಸಿದ್ದು ತಕ್ಷಣ ಗೊತ್ತಾಗುತ್ತದೆ. ಮೂರು ಬೇರೆ ಎಳೆತಗಳನ್ನು ಮಾಡಿಕೊಳ್ಳಿ: ಬಲವಾದದ್ದು, ದಣಿದದ್ದು, ಎಳೆಯ ಹುಡುಗನದು. ಅವನ್ನು ಹಂಚಿ, ಒಬ್ಬೊಬ್ಬರನ್ನು 2 ಫ್ರೇಮ್ ಹಿಂದೆಯಿಂದ 3 ಫ್ರೇಮ್ ಮುಂದೆಯವರೆಗೆ ಸರಿಸಿ. ಒಬ್ಬರ ಮೈಯಲ್ಲೂ ಎಲ್ಲವೂ ಒಟ್ಟಿಗೆ ಹೊರಡಬಾರದು. ಸೊಂಟ ಮೊದಲು, ಎರಡು ಫ್ರೇಮ್ ಬಿಟ್ಟು ಭುಜ, ಇನ್ನೆರಡು ಬಿಟ್ಟು ತಲೆ. ಹಗ್ಗ ಹಿಡಿದ ಕೈ ಮಾತ್ರ ಎಲ್ಲರದೂ ಒಂದೇ ಸಮ ಚಲಿಸಬೇಕು, ಹಗ್ಗ ಒಂದೇ ಅಲ್ಲವೇ.

ಇನ್ನೊಂದು ಮುಖ್ಯ ಸಂಗತಿ. ರಂಪಣಿಗೆ ತುದಿ ಎರಡು. ದೋಣಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ, ದಡದಲ್ಲಿ ಎರಡು ಗುಂಪು ಎರಡು ಕಡೆಯಿಂದ ಎಳೆಯುತ್ತದೆ, ಬಲೆ ಹತ್ತಿರವಾದಂತೆ ಗುಂಪುಗಳೂ ಒಂದನ್ನೊಂದು ಸಮೀಪಿಸುತ್ತವೆ. ನಿಮ್ಮ ಚಿತ್ರದಲ್ಲಿ ಒಂದೇ ಗುಂಪಿದೆ. ಎರಡನೆಯದನ್ನು ತನ್ನಿ, ದೂರದಲ್ಲಿ ಸಣ್ಣ ಆಕೃತಿಗಳಾಗಿಯೇ ಇರಲಿ. ಸತ್ಯಕ್ಕೆ ಹತ್ತಿರವಾಗುವುದರ ಜೊತೆಗೆ ಚಿತ್ರಕ್ಕೆ ಬೇಕಾದ ಹಂದರವೂ ಸಿಗುತ್ತದೆ. ಆವರ್ತನದಿಂದ ಆವರ್ತನಕ್ಕೆ ಗುಂಪುಗಳ ನಡುವಿನ ಮರಳು ಕಿರಿದಾಗುತ್ತ ಹೋಗಲಿ. ಲಯ ಏರುವುದಕ್ಕೂ ಅಂತರ ಇಳಿಯುವುದಕ್ಕೂ ತಾನಾಗಿ ನಂಟು ಬೀಳುತ್ತದೆ. ಈಗಿನ ಚಿತ್ರದಲ್ಲಿ ಸಂಗೀತ ಎಲ್ಲಿಗೋ ಹೋಗುತ್ತಿದೆ, ಚಿತ್ರ ನಿಂತಲ್ಲೇ ಇದೆ.

ಸಂಗೀತ, ಚಿತ್ರ ಎರಡೂ ಒಂದಾಗುವ ಜಾಗ ಕೊನೆಯ ತಿಹಾಯಿ. ನಿಮ್ಮ ವಾದಕರದು ಸಮ್‌ನಿಂದ ಎತ್ತಿ ಮುಂದಿನ ಸಮ್‌ಗೆ ಬೀಳುವ ತಿಹಾಯಿ: ಐದು ಮಾತ್ರೆಯ ತುಂಡು ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು. ತುಂಡುಗಳು 1, 7, 13ರಲ್ಲಿ ಶುರುವಾಗುತ್ತವೆ. 150ರ ಲಯದಲ್ಲಿ ಒಂದರಿಂದ ಇನ್ನೊಂದಕ್ಕೆ 58 ಫ್ರೇಮ್ ದೂರ. ಮೂರಕ್ಕೂ ಮೂರು ದೊಡ್ಡ ಕ್ರಿಯೆ ಇಟ್ಟರೆ ಮೂರನೆಯದರ ಬೆಲೆ ಹೋಗುತ್ತದೆ. ಮೊದಲ ತುಂಡಿಗೆ ಒಂದು ಗುಂಪಿನ ಎಳೆತ, ಎರಡನೆಯದಕ್ಕೆ ಇನ್ನೊಂದು ಗುಂಪಿನದು, ಮೂರನೆಯದಕ್ಕೆ ಎರಡೂ ಒಟ್ಟಿಗೆ. ಬಲೆಯ ಹೊಟ್ಟೆ ನೀರಿನಿಂದ ಹೊರಬೀಳುವುದು ಸಮ್‌ಗೆ, ಅದಕ್ಕೆ ಮೊದಲು ಒಂದು ಮೀನೂ ಕಾಣಬಾರದು.

ಆಲಾಪದ ಭಾಗದಲ್ಲಿ ತಪ್ಪು ಬೇರೆ ಜಾತಿಯದು. ಅಲೆಯ ಚಲನೆಯನ್ನು ನಾಲ್ಕು ಸೆಕೆಂಡಿನ ಸುತ್ತು ಮಾಡಿ ತಿರುಗಿಸಿದ್ದೀರಿ. ತಾಳವಿಲ್ಲದ ಆಲಾಪಕ್ಕೆ ನಿಮ್ಮ ಅಲೆಯೇ ತಾಳ ಹಾಕುತ್ತಿದೆ, ಕಿವಿ ಬಿಟ್ಟರೂ ಕಣ್ಣು ಎಣಿಸುತ್ತದೆ. ಅಲೆಯನ್ನು ಮೂರು ಪದರ ಮಾಡಿ, 7, 11 ಮತ್ತು 13 ಸೆಕೆಂಡಿನ ಸುತ್ತು ಕೊಡಿ (168, 264, 312 ಫ್ರೇಮ್). ಮೂರೂ ಮತ್ತೆ ಒಂದೇ ಜಾಗದಲ್ಲಿ ಕೂಡಲು 1001 ಸೆಕೆಂಡು ಬೇಕು, ನಿಮ್ಮ ಚಿತ್ರದಲ್ಲಿ ಆ ಪ್ರಸಂಗವೇ ಬರುವುದಿಲ್ಲ. ಕ್ಯಾಮೆರಾ ಸ್ವರದಿಂದ ಸ್ವರಕ್ಕೆ ನೆಗೆಯುವುದನ್ನು ಬಿಟ್ಟು ಸ್ವರಗಳನ್ನು ಜಾರಿಸುವ ಮೀಂಡಿನ ಜೊತೆ ಜಾರಲಿ, ಸ್ವರ ನಿಂತ ಮೇಲೆ ಆರೆಂಟು ಫ್ರೇಮ್ ತಡವಾಗಿ ತಾನು ನಿಲ್ಲಲಿ. ಭೈರವದ ಕೋಮಲ ರಿಷಭ, ಕೋಮಲ ಧೈವತಗಳ ಆಂದೋಲನಕ್ಕೆ (ಸ್ವರದ ನಿಧಾನ ತೂಗಾಟಕ್ಕೆ) ಕ್ಯಾಮೆರಾ ಅಲುಗಿಸಿದ್ದೀರಿ, ಅದು ಕೈ ನಡುಗಿದಂತೆ ಕಾಣುತ್ತದೆ. ಆ ಆಂದೋಲನವನ್ನು ನೀರಿನ ಮೇಲಿನ ಬೆಳಕಿಗೆ ಕೊಡಿ.

ಬೆಳಕು ಅಂದಾಗ ಹೇಳಲೇಬೇಕು: ನಿಮ್ಮ ಸೂರ್ಯ ಕಡಲಿನಿಂದ ಏಳುತ್ತಿದ್ದಾನೆ. ಕಾರವಾರದ ಕಡಲು ಪಡುವಣದ್ದು. ಭೈರವ್ ಬೆಳಗಿನ ರಾಗ ಎಂದು ತಿಳಿದ ಕೇಳುಗ ಆ ಚೌಕಟ್ಟನ್ನು ನೋಡಿ ಸಂಜೆ ಎಂದುಕೊಳ್ಳುತ್ತಾನೆ, ರಾಗಕ್ಕೂ ಚಿತ್ರಕ್ಕೂ ಅಲ್ಲೇ ಜಗಳ. ಸೂರ್ಯ ಬರುವುದು ಬೆನ್ನ ಹಿಂದಿನ ಗುಡ್ಡಗಳ ಮೇಲಿಂದ. ಜನ ನಿಂತ ಮರಳು ಇನ್ನೂ ಗುಡ್ಡದ ನೆರಳಲ್ಲಿರುವಾಗ ದೂರದ ಕೂರ್ಮಗಡದ ತಲೆಗೆ, ದೇವಗಡದ ದೀಪಸ್ತಂಭಕ್ಕೆ ಮೊದಲು ಬಿಸಿಲು ತಾಗುತ್ತದೆ. ಆಮೇಲೆ ನೀರಿನ ಮೇಲೆ ದಡದ ಕಡೆ ನಡೆದು ಬರುತ್ತದೆ. ನೆರಳಿನ ಗೆರೆ ಆಲಾಪದುದ್ದಕ್ಕೂ ದಡಕ್ಕೆ ಸರಿದು, ಗತ್‌ನ ಮೊದಲ ಸಮ್‌ಗೆ ಎಳೆಯುವವರ ಕಾಲನ್ನು ಮುಟ್ಟಲಿ. ಒಂದೇ ಸನ್ ಲ್ಯಾಂಪ್, ಅದರ ಕೋನಕ್ಕೆ ಎರಡು ಕೀಫ್ರೇಮ್, ಹಿಂದೆ ಗುಡ್ಡದ ಆಕಾರದ ಒಂದು ಮೆಶ್ (ಮೂರು ಆಯಾಮದ ಜಾಲರಿ). ಇಷ್ಟರಲ್ಲೇ ಆಗುತ್ತದೆ.

ಝಾಲಾಕ್ಕೆ ನೀವು ಬರೆದಿಟ್ಟ ಯೋಜನೆ, ಚಿಕಾರಿ ತಂತಿಯ ಪ್ರತಿ ಮೀಟಿಗೆ ಒಂದು ಮೀನು ನೆಗೆಯುವುದು, ಕೈಬಿಡಿ. 150ರ ಲಯದಲ್ಲಿ ಮಾತ್ರೆಗೆ ನಾಲ್ಕು ಮೀಟು ಅಂದರೆ ಸೆಕೆಂಡಿಗೆ ಹತ್ತು, ಮೀಟಿಗೆ 2.4 ಫ್ರೇಮ್. ನೆಗೆದು ಬೀಳಲು ಅಷ್ಟರಲ್ಲಿ ಜಾಗವಿಲ್ಲ, ಬರೀ ಮಿಣುಕಾಟ ಉಳಿಯುತ್ತದೆ. ಮೀನುಗಳ ಮೈ ಮಿನುಗುವ ಒಟ್ಟು ದಟ್ಟಣೆ ಝಾಲಾದ ಜೋರಿನೊಡನೆ ಏರಲಿ, ಸಾಕು.

ಈಗ ಕೆಲಸದ ಸರದಿ. ಮೊದಲು ಮಾರ್ಕರ್. ಆಮೇಲೆ ಪೂರ್ತಿ 3 ನಿಮಿಷ 40 ಸೆಕೆಂಡನ್ನು ಬೂದು ಗೊಂಬೆಗಳಲ್ಲೇ ಕೊನೆ ಮುಟ್ಟಿಸಿ, ವ್ಯೂಪೋರ್ಟ್ ರೆಂಡರ್ (ಕೆಲಸದ ತೆರೆಯಲ್ಲಿ ಕಂಡಂಥ ಪ್ರತಿ) ತೆಗೆದು ಇಡಿಯಾಗಿ ನೋಡಿ. ಒಂದು ಸಲ ಆಡಿಯೊ ಮುಚ್ಚಿ, ಇನ್ನೊಬ್ಬರಿಗೆ ತೋರಿಸಿ, ಭಾರ ಬಿದ್ದಂತೆ ಕಂಡಲ್ಲಿ ಕೈ ತಟ್ಟಲು ಹೇಳಿ. ಅವರ ತಟ್ಟು ನಿಮ್ಮ ಸಮ್ ಮಾರ್ಕರಿನ ಸುತ್ತಮುತ್ತ ಬೀಳದಿದ್ದರೆ ಬಣ್ಣ ಎಷ್ಟು ಹಚ್ಚಿದರೂ ಪ್ರಯೋಜನವಿಲ್ಲ. ಬಲೆಯ ಪ್ರತಿ ಕಣ್ಣನ್ನೂ ನಿಜವಾದ ಮೆಶ್ ಮಾಡಿದ್ದೀರಿ. ದೂರದಲ್ಲಿ ಆ ಎಳೆ ಒಂದು ಪಿಕ್ಸೆಲಿಗಿಂತ ಸಣ್ಣದಾಗಿ ಮಿಣಮಿಣ ಅನ್ನುತ್ತದೆ, ರೆಂಡರಿನ ಹೊತ್ತನ್ನೂ ತಿನ್ನುತ್ತದೆ. ಹತ್ತಿರದ ಎರಡು ಶಾಟಿಗೆ ಮಾತ್ರ ಮೆಶ್ ಇರಲಿ, ಉಳಿದೆಡೆ ಪಾರದರ್ಶಕ ಚಿತ್ರ ಅಂಟಿಸಿದ ಹಾಳೆ ಸಾಕು. ನಿಮ್ಮ ಒಟ್ಟು ಫ್ರೇಮ್ 5280. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ 132 ಗಂಟೆ, ಅಂದರೆ ಐದೂವರೆ ದಿನ. ಇದನ್ನು ಎರಡು ಸಲ ಮಾಡುವ ಹಾಗಾಗಬಾರದು.

ಪ್ರಶ್ನೆ: ಅಡಿಕೆ ತೋಟದಲ್ಲಿ ಮಳೆ ಬಿಡುವು ಕೊಟ್ಟಾಗ ಬೋರ್ಡೋ ಮದ್ದು ಹೊಡೆಯುವ ದೃಶ್ಯಕ್ಕೆ ಮಿಯಾಂ ಮಲ್ಹಾರದ ಗಾಯನ ಇಟ್ಟಿದ್ದೇನೆ. ದನಿ ಏರಿದಂತೆ ಮದ್ದಿನ ನೀಲಿ ಮಂಜು ದಟ್ಟವಾಗಲಿ ಎಂದು, ಸದ್ದಿನ ಏರಿಳಿತವನ್ನು ಗೆರೆಯಾಗಿ ಬರೆಯುವ ಬ್ಲೆಂಡರ್‌ನ ‘ಸೌಂಡ್ ಟು ಸ್ಯಾಂಪಲ್ಸ್’ ಬಳಸಿದರೆ, ಗಾಯಕರು ಸುಮ್ಮನಿದ್ದಾಗಲೂ ಮಂಜು ಜ್ವರ ಬಂದವರ ಹಾಗೆ ನಡುಗುತ್ತದೆ. (ಶಿರಸಿ)

ಉತ್ತರ: ಗಾಯಕರು ಸುಮ್ಮನಾದರೂ ತಂಬೂರಿ ಸುಮ್ಮನಾಗುವುದಿಲ್ಲ. ಆ ಸೌಲಭ್ಯ ತಾನಾಗಿ ಇಟ್ಟುಕೊಳ್ಳುವ ಪಟ್ಟಿ 0ಯಿಂದ 1,00,000 ಹರ್ಟ್ಸ್‌ವರೆಗೆ. ಅಂದರೆ ಫೈಲಿನಲ್ಲಿ ಇದ್ದಬದ್ದ ಸದ್ದೆಲ್ಲ ಒಂದೇ ಗೆರೆಯಾಗಿ ಬರುತ್ತದೆ. ಪಟ್ಟಿ ಕಿರಿದು ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಗಂಡು ದನಿ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿದ್ದರೆ ತಂಬೂರಿಯ ಖರ್ಜದ (ತೀರ ತಗ್ಗಿನ) ತಂತಿ ಸುಮಾರು 69 ಹರ್ಟ್ಸ್‌ನಲ್ಲಿ, ಜೋಡಿ ತಂತಿ 139ರಲ್ಲಿ ನುಡಿಯುತ್ತದೆ. ಡಗ್ಗಾದ ಗುಂಯ್‌ಕಾರವೂ ಅಲ್ಲೇ ಓಡಾಡುತ್ತದೆ. ಮೇಲೆ ಹೋದರೆ ತಂಬೂರಿಯ ತಂತಿಯನ್ನು ಝೇಂಕರಿಸುವ ಜವಾರಿಯಿಂದ ಹೊಮ್ಮುವ ಉಪಸ್ವರಗಳು ಗಾಯಕರ ಸ್ವರಗಳ ಮೇಲೇ ಕೂತಿರುತ್ತವೆ, ಇಬ್ಬರದೂ ಒಂದೇ ಷಡ್ಜ ತಾನೇ. ಜರಡಿ ಹಿಡಿದು ಇವನ್ನು ಪೂರ್ತಿ ಬೇರೆ ಮಾಡಲಾಗದು.

ಹಾಗಾಗಿ ಸರಿಯಾದ ಪರಿಹಾರ ರೆಕಾರ್ಡಿಂಗಿನಲ್ಲೇ ಇದೆ. ಗಾಯಕರ ಮೈಕಿನ ಟ್ರ್ಯಾಕನ್ನು ಬೇರೆಯಾಗಿ ಕೇಳಿ ಪಡೆಯಿರಿ. ಅದರಲ್ಲಿ ತಂಬೂರಿ ತುಸು ಇಣುಕಿದರೂ ತುಂಬಾ ಕೆಳಗಿರುತ್ತದೆ. ಗೆರೆ ತೆಗೆಯಲು ಆ ಟ್ರ್ಯಾಕ್, ನೋಡುಗರಿಗೆ ಕೇಳಿಸಲು ಪೂರ್ತಿ ಮಿಶ್ರಣ. ಎರಡೂ ಒಂದೇ ಫ್ರೇಮಿನಿಂದ ಶುರುವಾಗಬೇಕು, ಅದೊಂದು ಎಚ್ಚರ.

ಆಮೇಲೆ ಸೆಟ್ಟಿಂಗ್: ಕೆಳಗಿನ ಮಿತಿ 120, ಮೇಲಿನದು 1500 ಹರ್ಟ್ಸ್ ಇಟ್ಟು ಶುರು ಮಾಡಿ. ಅಟ್ಯಾಕ್ (ಗೆರೆ ಏರುವ ಹೊತ್ತು) 0.005ರಿಂದ 0.1ಕ್ಕೆ, ರಿಲೀಸ್ (ಇಳಿಯುವ ಹೊತ್ತು) 0.2ರಿಂದ 0.8ಕ್ಕೆ ಏರಿಸಿ. ಮಂಜು ಅನ್ನುವುದು ನಿಧಾನವಾಗಿ ಹರಡಿ ಇನ್ನೂ ನಿಧಾನವಾಗಿ ಕರಗುವ ವಸ್ತು, ದನಿ ನಿಂತ ಕ್ಷಣ ಅದು ಮಾಯವಾದರೆ ಯಾರೂ ನಂಬುವುದಿಲ್ಲ. ಗೆರೆ ಬಂದ ಮೇಲೆ ಅದನ್ನು ಮಂಜಿನ ಸಾಂದ್ರತೆಗೆ ಮಾತ್ರ ಕಟ್ಟಿ. ಜಾಗಕ್ಕೆ, ಗಾತ್ರಕ್ಕೆ ಕಟ್ಟಿದರೆ ನಡುಕ ಮರಳುತ್ತದೆ. ಒಂದು ಫ್ರೇಮಿನ ಏರಿಳಿತವನ್ನು ಬೆಳಕಿನಲ್ಲಿ ಕಣ್ಣು ಕ್ಷಮಿಸುತ್ತದೆ, ಜಾಗದಲ್ಲಿ ಕ್ಷಮಿಸುವುದಿಲ್ಲ.

ನಿಮ್ಮದು ವಿಲಂಬಿತ್ ಏಕ್‌ತಾಲ. 12 ಮಾತ್ರೆ, ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೆ ಆವರ್ತನಕ್ಕೆ 48 ಸೆಕೆಂಡು, 1152 ಫ್ರೇಮ್. ಇಷ್ಟು ದೂರದ ಸಮ್‌ಗಾಗಿ ಕೇಳುಗ ಕಾಯುವುದು ಮುಖಡಾ (ಸಮ್‌ಗೆ ಒಯ್ಯುವ ಹಾಡಿನ ಮೊದಲ ತುಣುಕು) ಬಂದಾಗ. ಅಡಿಕೆ ಮರ ಹತ್ತುವ ಕೊನೆಗೌಡ ಒಂದು ಮರದಿಂದ ಪಕ್ಕದ ಮರಕ್ಕೆ ಬಾಗಿ ದಾಟುವ ಶಾಟ್ ನಿಮ್ಮಲ್ಲಿ ಆಗಲೇ ಇದೆ, ತುಂಬ ಚೆಂದ ಬಂದಿದೆ, ಆದರೆ ತಾನ್‌ಗಳ ನಡುವೆ ಎಲ್ಲೋ ಕಳೆದುಹೋಗಿದೆ. ಅದನ್ನು ಮುಖಡಾಕ್ಕೆ ತನ್ನಿ. ಮರ ಬಾಗಲು ತೊಡಗುವುದು ಮುಖಡಾದ ಮೊದಲ ಅಕ್ಷರಕ್ಕೆ, ಆಚೆ ಮರವನ್ನು ಕೈ ಹಿಡಿಯುವುದು ಸಮ್‌ಗೆ. ಬಿಟ್ಟ ಮರ ಹಿಂದಕ್ಕೆ ಚಿಮ್ಮಿ ತೂಗಾಡಿ ನಿಲ್ಲಲು ಮುಂದಿನ ಎರಡು ಮಾತ್ರೆ ಕೊಡಿ, ಎಂಟು ಸೆಕೆಂಡು. ಪ್ರತಿ ತೂಗೂ ಹಿಂದಿನದಕ್ಕಿಂತ ಕಿರಿದಾಗಲಿ, ಆದರೆ ತೂಗಿನ ಅವಧಿ ಒಂದೇ ಇರಲಿ. ಅವಧಿಯೂ ಕುಗ್ಗುತ್ತ ಹೋದರೆ ಅಡಿಕೆ ಮರ ಪುಟಿದು ನಿಲ್ಲುವ ಚೆಂಡಿನಂತೆ ಕಾಣುತ್ತದೆ.

ಪ್ರಶ್ನೆ: ಹಳೆಯ ಗ್ರಾಮಫೋನ್ ರೆಕಾರ್ಡಿನ ಖಯಾಲ್ ಒಂದನ್ನು ಅನಿಮೇಷನ್ನಿಗೆ ಬಳಸಬಹುದೇ? ರಾಗಕ್ಕೆ ಯಾರೂ ಒಡೆಯರಲ್ಲ ಎನ್ನುತ್ತಾರಲ್ಲ. (ಕುಮಟಾ)

ಉತ್ತರ: ರಾಗಕ್ಕೆ ಒಡೆಯರಿಲ್ಲ, ರೆಕಾರ್ಡಿಗೆ ಇದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ಹೊರಬಂದ ರೆಕಾರ್ಡಿನ ಹಕ್ಕು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಬಂದಿಶ್ ಅಥವಾ ಸಾಹಿತ್ಯ ಗೊತ್ತಿರುವ ರಚನಕಾರರದಾದರೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದಕ್ಕೆ ಬೇರೆ ಲೆಕ್ಕ. ಪಾಶ್ಚಾತ್ಯ ಸಂಗೀತಕ್ಕೂ ಇದೇ ತರ್ಕ. ಮೊಜಾರ್ಟ್ ರಚನೆ ಎಲ್ಲರದು, ಅದನ್ನು ಹತ್ತು ವರ್ಷದ ಹಿಂದೆ ನುಡಿಸಿದ ವಾದ್ಯವೃಂದದ ಮುದ್ರಣ ಎಲ್ಲರದಲ್ಲ. ವರ್ಷ ಖಚಿತವಿಲ್ಲದ ರೆಕಾರ್ಡ್ ಮುಟ್ಟಬೇಡಿ.

ಇದಕ್ಕಿಂತ ಮೇಲು, ನಿಮ್ಮ ಸುತ್ತಲಿನ ಕಲಾವಿದರಿಂದಲೇ ಹೊಸದಾಗಿ ಹಾಡಿಸಿ. ಉತ್ತರ ಕನ್ನಡದಲ್ಲಿ ಹಿಂದೂಸ್ತಾನಿ ಕಲಿತವರಿಗೆ ಬರವಿಲ್ಲ. ಯಾವ ಚಿತ್ರಕ್ಕೆ, ಎಲ್ಲೆಲ್ಲಿ ತೋರಿಸಲು, ಎಷ್ಟು ಕಾಲಕ್ಕೆ, ಸಂಭಾವನೆ ಎಷ್ಟು, ಹೆಸರು ಹೇಗೆ ಹಾಕುವುದು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯಿರಿ. ತಬಲಾದವರ ಸಹಿಯೂ ಬೇಕು, ಅದನ್ನು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ನೆಚ್ಚುವ ಹಾಗಿಲ್ಲ. ಮುಕ್ಕಾಲು ಭಾಗ ರೆಂಡರ್ ಆಗಿದ್ದ ಎಂಪಿ4 ಫೈಲ್ ತೆರೆಯುವುದೇ ಇಲ್ಲ. ಉಳಿಸಿಕೊಳ್ಳಬಹುದೇ? (ಯಲ್ಲಾಪುರ)

ಉತ್ತರ: ಆ ಫೈಲಿನ ಆಸೆ ಬಿಡಿ. ಎಂಪಿ4ರ ಸೂಚಿಪಟ್ಟಿ ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯಲ್ಪಡುತ್ತದೆ, ನಡುವೆ ನಿಂತರೆ ಒಳಗಿನ ಚಿತ್ರಗಳು ಎಲ್ಲಿವೆ ಎಂದು ಪ್ಲೇಯರಿಗೆ ತಿಳಿಯುವುದಿಲ್ಲ. ಇನ್ನು ಮುಂದೆ ಪಿಎನ್‌ಜಿ ಚಿತ್ರಗಳ ಸಾಲಾಗಿ ರೆಂಡರ್ ಮಾಡಿ. ಕರೆಂಟು ಹೋದರೆ ಕಳೆದುಕೊಳ್ಳುವುದು ಒಂದೇ ಫ್ರೇಮ್. ಬ್ಲೆಂಡರ್‌ನ ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ಗುರುತು ತೆಗೆದು ‘ಪ್ಲೇಸ್‌ಹೋಲ್ಡರ್ಸ್’ ಗುರುತು ಹಾಕಿ. ಮತ್ತೆ ಶುರು ಮಾಡಿದಾಗ ಆದ ಫ್ರೇಮುಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಒಂದು ಎಚ್ಚರಿಕೆ: ಕರೆಂಟು ಹೋದಾಗ ನಡೆಯುತ್ತಿದ್ದ ಫ್ರೇಮಿನ ಹೆಸರಿನಲ್ಲಿ ಖಾಲಿ ಫೈಲ್ ಉಳಿದಿರುತ್ತದೆ. ಅದನ್ನೂ ‘ಆದದ್ದು’ ಎಂದೇ ಲೆಕ್ಕ ಹಾಕಿ ದಾಟುವುದರಿಂದ, ಸಿನಿಮಾದ ನಡುವೆ ಒಂದು ಕಪ್ಪು ಮಿಂಚು ಬರುತ್ತದೆ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ, ಸೊನ್ನೆ ಗಾತ್ರದ್ದನ್ನು ಅಳಿಸಿಯೇ ಮತ್ತೆ ಶುರು ಮಾಡಿ. ಎಲ್ಲ ಮುಗಿದ ಮೇಲೆ ಸೀಕ್ವೆನ್ಸರ್‌ನಲ್ಲಿ ಚಿತ್ರಗಳ ಸಾಲು, ಆಡಿಯೊ ಎರಡನ್ನೂ ಕೂಡಿಸಿ ಎಂಪಿ4 ತೆಗೆಯಲು ಕೆಲವೇ ನಿಮಿಷ. ಯುಪಿಎಸ್ ಇರಲಿ, ಆದರೆ ಅದು ಕಂಪ್ಯೂಟರನ್ನು ಕ್ರಮವಾಗಿ ಆರಿಸುವಷ್ಟು ಹೊತ್ತಿಗೆ ಮಾತ್ರ.

ಪ್ರಶ್ನೆ: ಯಕ್ಷಗಾನದ ಹೆಜ್ಜೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಅದನ್ನು ನೋಡಿ ಗೊಂಬೆಗೆ ಹೆಜ್ಜೆ ಹಾಕಿಸುತ್ತಿದ್ದೇನೆ. ಮೊದಲ ಅರ್ಧ ನಿಮಿಷ ಮದ್ದಳೆಗೆ ಸರಿ ಕೂಡುತ್ತದೆ, ಆಮೇಲೆ ತಪ್ಪುತ್ತದೆ. (ಹೊನ್ನಾವರ)

ಉತ್ತರ: ಮೊಬೈಲ್ ಕ್ಯಾಮೆರಾ ಬೆಳಕು ಕಡಿಮೆಯಾದಾಗ ಫ್ರೇಮುಗಳನ್ನು ಕಡಿಮೆ ಮಾಡುತ್ತದೆ, ಹೆಚ್ಚಾದಾಗ ಏರಿಸುತ್ತದೆ. ರಂಗಸ್ಥಳದ ದೀಪದಲ್ಲಿ ಇದು ಇನ್ನೂ ಜಾಸ್ತಿ. ಅನಿಮೇಷನ್ ತಂತ್ರಾಂಶ ಎಲ್ಲ ಫ್ರೇಮಿಗೂ ಒಂದೇ ಅವಧಿ ಎಂದು ಎಣಿಸುವುದರಿಂದ ತಪ್ಪು ಕೂಡುತ್ತ ಹೋಗುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು, ನಿಮ್ಮ ಪ್ರಾಜೆಕ್ಟಿನ ಸಂಖ್ಯೆಗೇ ಪರಿವರ್ತಿಸಿ ಆಮೇಲೆ ಒಳಗೆ ತನ್ನಿ. ಆ ಸಂಖ್ಯೆ 24 ಇರಲಿ, 25 ಇರಲಿ, ಕೆಲಸ ಶುರುವಾದ ಮೇಲೆ ಬದಲಿಸಬೇಡಿ. ಮಾರ್ಕರ್, ಕೀಫ್ರೇಮ್ ಎಲ್ಲ ಫ್ರೇಮ್ ಸಂಖ್ಯೆಗೆ ಅಂಟಿರುತ್ತವೆ, ಆಡಿಯೊ ಸೆಕೆಂಡಿಗೆ ಅಂಟಿರುತ್ತದೆ.

ಪ್ರಶ್ನೆ: ಮಲೆನಾಡಿನ ಮಳೆಯ ದೃಶ್ಯ ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಇಂಟರ್ನೆಟ್ಟಿಗೆ ಏರಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ. (ಸಿದ್ದಾಪುರ)

ಉತ್ತರ: ವಿಡಿಯೊ ಕುಗ್ಗಿಸುವ ತಂತ್ರ ಒಂದು ಫ್ರೇಮಿನಿಂದ ಮುಂದಿನದನ್ನು ಊಹಿಸುತ್ತದೆ. ಸಾವಿರಾರು ಸಣ್ಣ ಗೆರೆಗಳು ಪ್ರತಿ ಫ್ರೇಮಿನಲ್ಲೂ ಬೇರೆ ಜಾಗದಲ್ಲಿ ಇದ್ದರೆ ಊಹೆ ಕೈಕೊಡುತ್ತದೆ, ಸಿಕ್ಕ ಬಿಟ್‌ರೇಟೆಲ್ಲ ಮಳೆಗೇ ಖರ್ಚಾಗಿ ತೋಟ, ಮನೆ, ಮುಖ ಎಲ್ಲ ಕಲಸುತ್ತವೆ. ಹನಿಗಳ ಸಂಖ್ಯೆಯನ್ನು ಮೂರನೇ ಒಂದಕ್ಕೆ ಇಳಿಸಿ. ಹತ್ತಿರದ ಮಳೆಗೆ ದಪ್ಪ, ಉದ್ದ ಗೆರೆ ಕೊಡಿ. ದೂರದ ಮಳೆ ಗೆರೆಯಾಗಿ ಕಾಣುವುದೇ ಇಲ್ಲ, ಗುಡ್ಡದ ಮುಂದೆ ಸರಿಯುವ ಬಿಳಿ ಪರದೆಯಾಗಿ ಕಾಣುತ್ತದೆ. ಅದನ್ನು ಹಾಗೇ ಮಾಡಿ, ಒಂದೆರಡು ಅರೆಪಾರದರ್ಶಕ ಹಾಳೆ ನಿಧಾನವಾಗಿ ಸರಿದರೆ ಆಯಿತು. ಏರಿಸುವ ಪ್ರತಿಯನ್ನು 1080ರ ಬದಲು 1440ಕ್ಕೆ ಹಿಗ್ಗಿಸಿ, ಸೆಕೆಂಡಿಗೆ 20 ಮೆಗಾಬಿಟ್ ಅಥವಾ ಅದಕ್ಕಿಂತ ಮೇಲಿಟ್ಟು ತೆಗೆಯಿರಿ. ಮೊದಲು ಹತ್ತು ಸೆಕೆಂಡಿನ ತುಣುಕನ್ನು ಯಾರಿಗೂ ಕಾಣದಂತೆ ಏರಿಸಿ, ಸಾಧಾರಣ ಮೊಬೈಲೊಂದರಲ್ಲಿ ನೋಡಿ, ಆಮೇಲೆ ಪೂರ್ತಿಯದನ್ನು ಏರಿಸಿ.